ದಿನಕ್ಕೊಂದು ಮಾತು, ಅದಕ್ಕೊಂದು ಆಧಾರ

೧

ಸಣ್ಣ ಬರಹಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವ ವಾಡಿಕೆ ನಮ್ಮಲ್ಲಿ ಕಡಮೆ. ಕಾವ್ಯ, ನಾಟಕ, ಕಾದಂಬರಿಗಳನ್ನು ತೂಗುವುದಕ್ಕೆ ತಕ್ಕಡಿಗಳು ಬೇಕಾದಷ್ಟಿವೆ. ಪತ್ರಿಕೆಯ ಮೂಲೆಯಲ್ಲಿ ನಾಲ್ಕೈದು ಪಂಕ್ತಿಗಳಾಗಿ ಅಚ್ಚಾಗುವ ‘ನಿಮಗಿದು ಗೊತ್ತೆ?’ ಎಂಬ ಜಾತಿಯ ಬರಹವನ್ನು ಮಾತ್ರ ತಕ್ಕಡಿಗೆ ಹಾಕಿದವರು ವಿರಳ. ಒಂದು ಶಬ್ದದ ಹುಟ್ಟು, ಒಂದು ಊರ ಹೆಸರಿನ ಕಾರಣ, ಒಬ್ಬ ಅರಸನ ವಿಚಾರ, ಒಂದು ಕಾಯಿಯ ಮೂಲದೇಶ, ಇಷ್ಟೇ ಅದರ ಸಾಮಗ್ರಿ. ಓದುವುದಕ್ಕೆ ಅರ್ಧ ನಿಮಿಷ ಸಾಕು. ಓದಿದವರು ಅದನ್ನು ಊಟದ ಹೊತ್ತಿನಲ್ಲಿ ಮನೆಮಂದಿಗೆ ಹೇಳುವರು; ಮಕ್ಕಳು ಮರುದಿನ ಶಾಲೆಯಲ್ಲಿ ಹೇಳುವರು. ದೊಡ್ಡ ಗ್ರಂಥವನ್ನು ಕೊಂಡವರೆಲ್ಲರೂ ಓದುವರೆಂಬ ಭರವಸೆಯಿಲ್ಲ. ಈ ತುಣುಕನ್ನಾದರೋ ಕೊಳ್ಳದವರೂ ಓದುವರು. ನಮ್ಮಲ್ಲಿ ಬಹುಮಂದಿಯ ಭಾಷಾಜ್ಞಾನವೂ ಚರಿತ್ರಜ್ಞಾನವೂ ರೂಪುಗೊಳ್ಳುವುದು ಗ್ರಂಥಗಳಿಂದಲ್ಲ, ಇಂತಹ ತುಣುಕುಗಳಿಂದ. ಹೀಗಿರುವಾಗ ಅದನ್ನು ಪರೀಕ್ಷಿಸದೆ ಬಿಡುವುದು ಉಚಿತವಲ್ಲ.

ಪ್ರಕೃತ ಲೇಖನದ ಉದಾಹರಣೆಗಳಲ್ಲಿ ಕೆಲವನ್ನು ಬೆಂಗಳೂರಿನ ಪೂರ್ವಭಾಗದಿಂದ, ಎಂದರೆ ದಂಡು ಪ್ರದೇಶದಿಂದ ಹಲಸೂರಿನ ಮೇಲೆ ದೊಡ್ಡನೆಕ್ಕುಂದಿಯವರೆಗಿನ ನೆಲದಿಂದ, ಆರಿಸಿಕೊಂಡಿದೆ. ಅದಕ್ಕೆ ಕಾರಣವುಂಟು. ಕೆರೆ, ಗದ್ದೆ, ತೋಪುಗಳ ಹಳ್ಳಿಗಳಾಗಿದ್ದ ಈ ಊರುಗಳು ಒಂದೆರಡು ತಲೆಮಾರಿನೊಳಗಾಗಿ ನಗರದ ಬಡಾವಣೆಗಳಾದವು. ಕಾರ್ಖಾನೆಗಳ ಜೊತೆಗೆ, ಆಮೇಲೆ ಗಣಕಯಂತ್ರದ ಉದ್ಯಮದ ಜೊತೆಗೆ, ನಾನಾ ಪ್ರಾಂತಗಳ ಜನ ಬಂದು ನೆಲಸಿದರು. ಹೀಗೆ ಬಂದವರಿಗೆ ತಾವಿರುವ ಊರಿನ ಕಥೆಯನ್ನು ಹೇಳುವ ಅಜ್ಜ ಅಜ್ಜಿಯರು ಮನೆಯಲ್ಲಿಲ್ಲ. ಊರ ವಿಷಯವಾಗಿ ಅವರ ಕೈಗೆ ಸಿಕ್ಕುವುದು ಪತ್ರಿಕೆಯ ಮೂಲೆಯ ಮಾತು, ಇಲ್ಲವೆ ದಿನಬೆಳಗಾದರೆ ಮೊಬೈಲಿಗೆ ಬರುವ ನಾಲ್ಕು ಸಾಲು. ಹಳೆಯ ಊರವರ ಮಕ್ಕಳ ಪಾಡೂ ಈಗ ಬಹುಮಟ್ಟಿಗೆ ಅದೇ. ಅಂತಹ ಕಡೆ ತುಣುಕು ಸುಳ್ಳಾದರೆ ಅದನ್ನು ತಿದ್ದುವ ಮತ್ತೊಂದು ಬಾಯಿ ಇಲ್ಲ.

೨

ಈ ಬಗೆಯ ಬರಹ ಪತ್ರಿಕೆಗಳ ಜೊತೆಗೆ ಹುಟ್ಟಿತೆಂದು ಭಾವಿಸುವವರಿದ್ದಾರೆ. ೧೮೪೩ರ ಜುಲೈ ೧ರಂದು ಹೆರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಟ ಮೇಲೆ ಪತ್ರಿಕೆಯ ಮೂಲಕ ಲೋಕವಾರ್ತೆ ಮನೆಗೆ ಬರತೊಡಗಿದ್ದು ನಿಜ. ಆದರೆ ಬೇಕಾದ ಅರಿವನ್ನು ಚೂರುಚೂರಾಗಿ ಗೃಹಸ್ಥನಿಗೆ ಒದಗಿಸಬೇಕೆಂಬ ಆಸೆ ಕನ್ನಡದಲ್ಲಿ ಬಹು ಹಳೆಯದು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಮನೆ ಕಟ್ಟುವ ಕ್ರಮ, ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಚಿಕಿತ್ಸೆ, ಅಡಿಗೆ, ಸುಗಂಧ, ವಿಷವೈದ್ಯ, ಶಕುನ ಇವೆಲ್ಲವೂ ಒಂದೇ ಗಂಟಿನಲ್ಲಿವೆ. ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯೂ ನಾನಾ ಶಾಸ್ತ್ರಗಳ ವಿಷಯಗಳನ್ನು ವಿಂಗಡಿಸಿ, ಹೆಸರಿಸಿ, ಎಣಿಸಿ ಕೊಟ್ಟ ಗ್ರಂಥ. ಈಚಿನ ಕಾಲಕ್ಕೆ ಬಂದರೆ, ಶಿವರಾಮ ಕಾರಂತರು ೧೯೩೬ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ಅಂತು ಪಂಡಿತನ ಮನೆಯ ಅರಿವು ಪಾಮರನ ಮನೆಗೂ ತಲಪಬೇಕೆಂಬುದು ನಮ್ಮವರ ಹಳೆಯ ಹಂಬಲ.

ಶಬ್ದಗಳ ವಿಷಯದಲ್ಲಿ ಈ ಹಂಬಲವನ್ನು ತೀರಿಸಿದವರಲ್ಲಿ ಇಬ್ಬರನ್ನು ಮುಖ್ಯವಾಗಿ ನೆನೆಯಬೇಕು. ಒಬ್ಬರು ಹುಬ್ಬಳ್ಳಿಯ ‘ಕಸ್ತೂರಿ’ ಮಾಸಪತ್ರಿಕೆಯನ್ನು ಬೆಳೆಸಿದ ಪಾ. ವೆಂ. ಆಚಾರ್ಯರು (೧೯೧೫-೧೯೯೨). ಅವರ ‘ಪದಾರ್ಥ ಚಿಂತಾಮಣಿ’ಯ ಹೆಸರಿನಲ್ಲಿಯೇ ಒಂದು ಜಾಣತನವಿದೆ: ಪದದ ಅರ್ಥವೂ ಪದಾರ್ಥವೇ, ವಸ್ತುವೂ ಪದಾರ್ಥವೇ. ಶಬ್ದವನ್ನು ಹಿಡಿದು ಹೊರಟರೆ ವಸ್ತುವಿನ ಕಥೆಗೆ ಮುಟ್ಟುತ್ತೇವೆ, ವಸ್ತುವನ್ನು ಹಿಡಿದು ಹೊರಟರೆ ಶಬ್ದದ ಕಥೆಗೆ ಮುಟ್ಟುತ್ತೇವೆ ಎಂಬ ತತ್ತ್ವವನ್ನು ಅವರು ಶೀರ್ಷಿಕೆಯಲ್ಲಿಯೇ ಇಟ್ಟರು. ಮತ್ತೊಬ್ಬರು ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು (೧೯೧೩-೨೦೨೧). ೧೯೯೧ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭವಾದ ಅವರ ‘ಇಗೋ ಕನ್ನಡ’ ಅನೇಕ ವರ್ಷ ನಡೆದು, ಪುಸ್ತಕರೂಪವನ್ನೂ ಪಡೆಯಿತು.

‘ಇಗೋ ಕನ್ನಡ’ದ ಗುಣವೇನೆಂದರೆ, ಅದರಲ್ಲಿ ಪ್ರಶ್ನೆ ಓದುಗರದು. ಯಾವುದೋ ಊರಿನ ಒಬ್ಬ ಗೃಹಸ್ಥನಿಗೆ ಒಂದು ಶಬ್ದದ ಮೇಲೆ ಸಂಶಯ ಬಂದಿದೆ, ಅವನು ಕೇಳಿದ್ದಾನೆ, ಆದುದರಿಂದ ಉತ್ತರ ಬಂದಿದೆ. ಹಸಿದವನಿಗೆ ಬಡಿಸಿದ ಅನ್ನದಂತೆ ಆ ಅರಿವು ಮೈಗೆ ಹತ್ತುತ್ತದೆ. ಇಂದಿನ ಬಹುಪಾಲು ತುಣುಕುಗಳು ಯಾರೂ ಕೇಳದ ಪ್ರಶ್ನೆಗೆ ಯಾರೋ ಕೊಟ್ಟ ಉತ್ತರಗಳು. ಎರಡನೆಯದಾಗಿ, ಆ ಚಿಕ್ಕ ಉತ್ತರಗಳ ಹಿಂದೆ ಒಂದು ದೊಡ್ಡ ಕೆಲಸವಿದ್ದಿತು. ಕನ್ನಡ ಸಾಹಿತ್ಯ ಪರಿಷತ್ತಿನ ೮ ಸಂಪುಟಗಳ ಕನ್ನಡ ನಿಘಂಟಿನ ಮೊದಲನೆಯ ಸಂಪುಟ ೧೯೭೦ರಲ್ಲಿಯೂ ಕೊನೆಯದು ೧೯೯೫ರಲ್ಲಿಯೂ ಹೊರಬಂದವು. ಶಾಸನದಿಂದಲೂ ಕಾವ್ಯದಿಂದಲೂ ಪ್ರಯೋಗಗಳನ್ನು ಆಯ್ದು ಶಬ್ದದ ಮುಂದೆ ಇಟ್ಟ ಆ ನಿಘಂಟಿನ ಸಂಪಾದಕಮಂಡಲಿಯ ಅಧ್ಯಕ್ಷರಾಗಿದ್ದವರು ಅವರು. ಆದುದರಿಂದ ಅವರು ನಾಲ್ಕು ಸಾಲು ಬರೆದರೆ ಅದರ ಕೆಳಗೆ ನಲವತ್ತು ಪ್ರಯೋಗಗಳ ತಳಹದಿಯಿರುತ್ತಿತ್ತು.

ಇಲ್ಲಿ ಒಂದು ಆಕ್ಷೇಪಣೆಯನ್ನೂ ಹೇಳಬೇಕು. ದಿನಪತ್ರಿಕೆಯ ಅಂಕಣದಲ್ಲಿ ತಳಹದಿಯನ್ನೆಲ್ಲ ತೋರಿಸುವುದಕ್ಕೆ ಸ್ಥಳವಿಲ್ಲ. ಓದುಗನು ಪಂಡಿತರ ಹೆಸರನ್ನು ನಂಬಿ ತೀರ್ಪನ್ನು ಸ್ವೀಕರಿಸುತ್ತಾನೆ. ಬಲ್ಲವರು ಇರುವವರೆಗೆ ಇದರಿಂದ ಕೇಡಿಲ್ಲ. ಆದರೆ ಅನುಕರಿಸುವವರಿಗೆ ತೀರ್ಪಿನ ಧ್ವನಿ ಸುಲಭವಾಗಿ ಬರುತ್ತದೆ, ನಿಘಂಟು ಬರುವುದಿಲ್ಲ. ‘ಈ ಶಬ್ದ ಹೀಗೆ ಹುಟ್ಟಿತು’ ಎಂದು ಇಂದು ಗಟ್ಟಿಯಾಗಿ ಹೇಳುವವರಲ್ಲಿ ಎಷ್ಟು ಮಂದಿ ೧೮೯೪ರ ಕಿಟ್ಟೆಲರ ಕೋಶವನ್ನಾದರೂ ತೆರೆದು ನೋಡಿರುವರು? ಶೈಲಿ ಉಳಿದು ಸಾಧನೆ ಕಳೆದುಹೋದುದೇ ಈ ಪ್ರಕಾರದ ಇಂದಿನ ರೋಗ.

೩

ಒಳ್ಳೆಯ ತುಣುಕು ಹೇಗಿರಬೇಕೆಂಬುದಕ್ಕೆ ನಮ್ಮ ಅಡಿಗೆಮನೆಯಿಂದಲೇ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಮೆಣಸಿನಕಾಯಿ ಎಂಬ ಶಬ್ದವನ್ನು ನೋಡಿರಿ. ಮೆಣಸು ಮಲೆನಾಡಿನ ಬಳ್ಳಿಯ ಫಲ, ನಮ್ಮ ನೆಲದ್ದೇ. ಮೆಣಸಿನಕಾಯಿಯಾದರೋ ಅಮೆರಿಕ ಖಂಡದ ಗಿಡ. ಕೊಲಂಬಸನು ೧೪೯೨ರಲ್ಲಿ ಆ ಕಡೆಗೆ ಹೋದ ಮೇಲೆ, ವಾಸ್ಕೋ ಡ ಗಾಮನು ೧೪೯೮ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ, ಪೋರ್ಚುಗೀಸರ ಹಡಗುಗಳ ಮೂಲಕ ಅದು ನಮ್ಮ ಕರಾವಳಿಗೆ ಬಂದಿತು. ಹೊಸ ವಸ್ತುವಿಗೆ ನಮ್ಮವರು ಹೊಸ ಹೆಸರನ್ನು ಹುಡುಕಲಿಲ್ಲ. ಮೆಣಸಿನಂತೆ ಖಾರವಾದ ಕಾಯಿ ಮೆಣಸಿನಕಾಯಿ ಎಂದರು. ಕಾಲಕ್ರಮದಲ್ಲಿ ಬಂದ ಅತಿಥಿ ಮನೆಯ ಯಜಮಾನನಾಗಿ, ಮೂಲದ ಮೆಣಸನ್ನು ಕರಿಮೆಣಸು, ಕಾಳುಮೆಣಸು ಎಂದು ವಿಶೇಷಣ ಹಚ್ಚಿ ಕರೆಯಬೇಕಾಯಿತು.

ಇಷ್ಟರಲ್ಲಿ ಭಾಷೆಯೂ ಇದೆ, ಚರಿತ್ರೆಯೂ ಇದೆ, ಲೋಕಜ್ಞಾನವೂ ಇದೆ. ಮೂರೂ ಒಂದನ್ನೊಂದು ಎತ್ತಿಹಿಡಿದಿವೆ. ಅದಕ್ಕಿಂತ ಮುಖ್ಯವಾದದ್ದು ಮುಂದೆ ಬರುತ್ತದೆ. ಈ ಸಂಗತಿಯನ್ನು ತಿಳಿದ ಓದುಗನ ಕೈಯಲ್ಲಿ ಒಂದು ಸಾಧನ ಸಿಕ್ಕಿತು. ಹತ್ತನೆಯ ಶತಮಾನದ ಶಾಸನದಲ್ಲಿಯೋ ಹನ್ನೆರಡನೆಯ ಶತಮಾನದ ಕೃತಿಯಲ್ಲಿಯೋ ಮೆಣಸು ಎಂದು ಬಂದರೆ ಅದು ಬಳ್ಳಿಯ ಮೆಣಸೇ ಹೊರತು ಗಿಡದ ಕಾಯಿಯಲ್ಲವೆಂದು ಅವನು ತಾನಾಗಿಯೇ ಹೇಳಬಲ್ಲನು. ಆ ಕಾಲದ ಅರಸನ ಊಟವನ್ನು ವರ್ಣಿಸುವ ಇಂದಿನ ಕಾದಂಬರಿಕಾರನು ಎಲೆಯ ಮೇಲೆ ಹಸಿಮೆಣಸಿನಕಾಯಿಯನ್ನು ಬಡಿಸಿದರೆ ಕೂಡಲೇ ಗುರುತಿಸಬಲ್ಲನು. ಮುಂದುವರಿದು ಕಡಲೆಕಾಯಿಯ ಮೇಲೂ ಅದೇ ಸಾಧನವನ್ನು ಪ್ರಯೋಗಿಸಬಹುದು. ಕಡಲೆ ಹಳೆಯ ಧಾನ್ಯ. ನೆಲದೊಳಗೆ ಬೆಳೆಯುವ ಕಡಲೆಕಾಯಿ ದಕ್ಷಿಣ ಅಮೆರಿಕದ ಸಸ್ಯ. ಇಲ್ಲಿಯೂ ಹಳೆಯ ಹೆಸರಿಗೆ ‘ಕಾಯಿ’ ಎಂಬುದನ್ನು ಸೇರಿಸಿ ಹೊಸ ವಸ್ತುವನ್ನು ಒಳಗೆ ಕರೆದುಕೊಂಡಿದ್ದಾರೆ. ಬಸವನಗುಡಿಯ ಪರಿಷೆಯಲ್ಲಿ ರಾಶಿ ಬೀಳುವ ಕಾಯಿಯನ್ನು ನೋಡಿದಾಗ ಈ ಮಾತು ನೆನಪಾದರೆ ತುಣುಕು ಸಾರ್ಥಕವಾಯಿತು.

ದಂಡು ಪ್ರದೇಶದ ಗೃಹಸ್ಥರಿಗೆ ಇನ್ನೂ ಹತ್ತಿರವಾದ ಮತ್ತೊಂದು ಉದಾಹರಣೆ ಹಲಸೂರಿನದು. ಹಲಸು ಹಳಗನ್ನಡದಲ್ಲಿ ಪಲಸು. ಹಳಗನ್ನಡದ ಶಬ್ದಾದಿಯ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು: ಪಾಲು ಹಾಲಾಯಿತು, ಪೂ ಹೂವಾಯಿತು. ತಮಿಳಿನಲ್ಲಿ ಪಕಾರ ಹಾಗೆಯೇ ನಿಂತಿತು; ಆದುದರಿಂದ ಅವರಿಗೆ ಇಂದಿಗೂ ಅದು ಪಾಲ್, ಪೂ, ಪಲಾ. ಇಂಗ್ಲಿಷರ ಬಾಯಲ್ಲಿ ಹಲಸೂರಿನ ಹಕಾರವೂ ಉದುರಿ ಅಲ್ಸೂರಾಯಿತು. ಹಲಸೂರಿನ ಒಂದೇ ಬೀದಿಯಲ್ಲಿ ಹಾಲು ಕೇಳುವವರೂ ಪಾಲ್ ಕೇಳುವವರೂ ತಲೆಮಾರುಗಳಿಂದ ಅಕ್ಕಪಕ್ಕದಲ್ಲಿ ಬಾಳಿದ್ದಾರೆ. ಈ ಒಂದು ಸೂತ್ರವನ್ನು ಬಲ್ಲವನಿಗೆ ನೆರೆಯವನ ಮಾತು ಪರಕೀಯವಾಗಿ ಕೇಳುವುದಿಲ್ಲ, ದಾಯಾದಿಯ ಮಾತಾಗಿ ಕೇಳುತ್ತದೆ. ಇದೇ ಸೂತ್ರ ಅವನನ್ನು ಹೆಬ್ಬಾಳಕ್ಕೂ ಕರೆದೊಯ್ಯುತ್ತದೆ. ೨೦೧೮ರಲ್ಲಿ ಅಲ್ಲಿ ಬೆಳಕಿಗೆ ಬಂದ, ಗಂಗರ ಶ್ರೀಪುರುಷನ ಕಾಲದ, ಸುಮಾರು ೭೫೦ರ ಕಿಟ್ಟಯ್ಯನ ವೀರಗಲ್ಲಿನಲ್ಲಿ ಆ ನಾಡಿನ ಹೆಸರು ಪೆರ್ಬೊಳಲ್ನಾಡು ಎಂದಿದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಪೆರ್ಬೊಳಲ್ ಹೆಬ್ಬೊಳಲಾಗಿ ಹೆಬ್ಬಾಳವಾದುದನ್ನು ಓದುಗನು ತನ್ನ ಕಿವಿಯಿಂದಲೇ ಒಪ್ಪಿಕೊಳ್ಳುತ್ತಾನೆ.

೪

ಇನ್ನು ದೋಷಗಳ ಕಡೆಗೆ ಬರೋಣ. ಬೆಂಗಳೂರಿನ ವಿಷಯವಾಗಿ ಅತ್ಯಂತ ಹೆಚ್ಚು ಸಲ ಅಚ್ಚಾಗಿರುವ ತುಣುಕು ಯಾವುದೆಂದು ಹೇಳುವುದಕ್ಕೆ ಯೋಚಿಸಬೇಕಾದದ್ದಿಲ್ಲ. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ ಹಸಿದು ಬಂದನು, ಒಬ್ಬ ಮುದುಕಿ ಅವನಿಗೆ ಬೆಂದ ಕಾಳನ್ನು ಕೊಟ್ಟಳು, ಊರು ಬೆಂದಕಾಳೂರಾಯಿತು. ವೀರಬಲ್ಲಾಳನು ಆಳಿದ್ದು ೧೧೭೩ರಿಂದ ೧೨೨೦ರವರೆಗೆ. ಬೇಗೂರಿನ ದೇವಾಲಯದ ಆವರಣದಲ್ಲಿರುವ ಶಾಸನದಲ್ಲಿ, ಗಂಗರ ಕಾಲದ ನಾಗತ್ತರನ ಕಡೆಯವನೊಬ್ಬನು ಬೆಂಗಳೂರ ಕಾಳೆಗದಲ್ಲಿ ಮಡಿದನೆಂದಿದೆ. ಅದರ ಕಾಲ ಸುಮಾರು ೮೯೦. ಬಲ್ಲಾಳನು ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಹೆಚ್ಚು ಹಿಂದೆಯೇ ಊರಿಗೆ ಆ ಹೆಸರಿದ್ದಿತು. ಇಷ್ಟು ಸ್ಪಷ್ಟವಾದ ಕಲ್ಲಿನ ಸಾಕ್ಷ್ಯವಿದ್ದರೂ ಕಾಳಿನ ಕಥೆ ಪ್ರತಿವರ್ಷವೂ ಚರಿತ್ರೆಯ ವೇಷದಲ್ಲಿ ಮತ್ತೆ ಬರುತ್ತದೆ. ಜೊತೆಗೆ, ಕೆಂಪೇಗೌಡನು ೧೫೩೭ರಲ್ಲಿ ಕೋಟೆಯನ್ನೂ ಪೇಟೆಯನ್ನೂ ಕಟ್ಟಿದ ಸಂಗತಿಗೂ ಹೆಸರು ಹುಟ್ಟಿದ ಸಂಗತಿಗೂ ಭೇದವನ್ನೆಣಿಸದೆ ಎರಡನ್ನೂ ಕಲಸಿಬಿಡುವುದುಂಟು.

ಕಥೆಯನ್ನು ಸುಟ್ಟುಬಿಡಬೇಕೆಂಬುದು ನಮ್ಮ ಮತವಲ್ಲ. ಅದು ಚೆಲುವಾದ ಕಥೆ. ಅರಸನು ದಾರಿ ತಪ್ಪುವನು, ಬಡಮುದುಕಿ ಅನ್ನವಿಡುವಳು, ಅರಸನು ಋಣವನ್ನು ಊರ ಹೆಸರಿನಲ್ಲಿ ತೀರಿಸುವನು: ಅತಿಥಿಸತ್ಕಾರದ ಮೇಲೆ ನಮ್ಮ ಜನರಿಗಿರುವ ಗೌರವಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಜನಪದಸಾಹಿತ್ಯವೆಂದು ಅದನ್ನು ಮಕ್ಕಳಿಗೆ ಹೇಳತಕ್ಕದ್ದೇ. ಆದರೆ ಕಥೆಯ ಮಣೆಯ ಮೇಲೆ ಕೂರಬೇಕಾದದ್ದನ್ನು ಚರಿತ್ರೆಯ ಪೀಠದ ಮೇಲೆ ಕೂರಿಸಿದರೆ ಕಥೆಗೂ ಅವಮಾನ, ಚರಿತ್ರೆಗೂ ಅವಮಾನ. ಬೆಂಗಳೂರ ಕಾಳೆಗದಲ್ಲಿ ಪ್ರಾಣಕೊಟ್ಟವನ ಕಲ್ಲು ಸಾವಿರದ ನೂರು ವರ್ಷಗಳಿಂದ ನಿಂತಿದೆ. ಅವನ ಸುದ್ದಿ ನಗರದ ಎಷ್ಟು ಮನೆಗಳಿಗೆ ತಲಪಿದೆ? ಸುಳ್ಳಾದ ತುಣುಕಿನಿಂದಾಗುವ ನಷ್ಟ ಇಲ್ಲಿದೆ. ತಾನು ನಿಜವಲ್ಲದಿರುವುದರ ಜೊತೆಗೆ, ನಿಜವಾದದ್ದಕ್ಕೆ ಸಲ್ಲಬೇಕಾದ ಜಾಗವನ್ನೂ ಅದು ಕಬಳಿಸುತ್ತದೆ.

ದೊಡ್ಡನೆಕ್ಕುಂದಿಯ ಮಗ್ಗುಲಲ್ಲಿರುವ ಮಾರತ್ತಹಳ್ಳಿಯ ಮೇಲೆ ಇಂತಹುದೇ ಮತ್ತೊಂದು ಮಾತು ಹುಟ್ಟಿಕೊಂಡಿದೆ. ೧೯೪೦ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನಕಾರ್ಖಾನೆ ಅದಕ್ಕೆ ಸಮೀಪದಲ್ಲಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಶಿಲ್ಪಿಯ ನೇತೃತ್ವದಲ್ಲಿ ಅಲ್ಲಿ ನಿರ್ಮಾಣವಾದ ‘ಮಾರುತ್’ ಯುದ್ಧವಿಮಾನ ೧೯೬೧ರ ಜೂನ್ ತಿಂಗಳಲ್ಲಿ ಮೊದಲ ಸಲ ಹಾರಿತು. ಆ ಮಾರುತದಿಂದಲೇ ಮಾರತ್ತಹಳ್ಳಿ ಎಂಬ ಹೆಸರು ಬಂದಿತಂತೆ! ಕಾರ್ಖಾನೆಯೂ ನಿಜ, ವಿಮಾನವೂ ನಿಜ, ಧ್ವನಿಸಾಮ್ಯವೂ ಇದೆ. ಆದುದರಿಂದಲೇ ಮಾತು ನಂಬಿಕೆಗೆ ಅರ್ಹವೆಂಬಂತೆ ತೋರುತ್ತದೆ. ಒಂದೇ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು. ಗದ್ದೆಗಳಿಗೆ ಕಂದಾಯ ಕಟ್ಟಿ, ಮದುವೆಯ ಓಲೆಗಳಲ್ಲಿ ಊರ ಹೆಸರನ್ನು ಬರೆಯಿಸಿ, ಅನೇಕ ತಲೆಮಾರು ಬಾಳಿದ ಒಂದು ಹಳ್ಳಿ ೧೯೬೧ರವರೆಗೆ ಹೆಸರಿಲ್ಲದೆ ಕಾದಿದ್ದಿತೆ? ಹಾಗಲ್ಲದೆ ಬೇರೆ ಹೆಸರಿದ್ದಿತೆಂದರೆ ಆ ಹೆಸರು ಯಾವುದು? ಕಥೆಯನ್ನು ಹರಡುವವರು ಅದನ್ನು ಹೇಳುವುದಿಲ್ಲ. ಹಳೆಯ ಹೆಸರನ್ನು ತೋರಿಸದೆ ಹೊಸ ಹೆಸರಿನ ಹುಟ್ಟನ್ನು ಹೇಳುವುದು ತಾಯಿಯಿಲ್ಲದ ಮಗುವಿಗೆ ಜಾತಕ ಬರೆದಂತೆ.

ದೊಡ್ಡನೆಕ್ಕುಂದಿಯ ಹೆಸರನ್ನೇ ತೆಗೆದುಕೊಂಡು ಇಂತಹ ಕಥೆಗಳು ಎಷ್ಟು ಸುಲಭವಾಗಿ ಹುಟ್ಟುತ್ತವೆಂಬುದನ್ನು ಪರೀಕ್ಷಿಸೋಣ. ನೆಕ್ಕು ಎಂಬ ಕ್ರಿಯಾಪದ ಎಲ್ಲರಿಗೂ ಗೊತ್ತು. ಅರಸನೊಬ್ಬನು ಇಲ್ಲಿ ಜೇನನ್ನು ನೆಕ್ಕಿ ಕುಳಿತನೆಂದು ಒಬ್ಬರು ಬರೆಯಲಿ. ತಿಂಗಳೊಳಗೆ ಅದು ‘ಇತಿಹಾಸ’ವಾಗುವುದು. ಇದು ಈ ಪಂಕ್ತಿಯಲ್ಲಿಯೇ ಕಟ್ಟಿದ ಕಥೆ. ವಾಚಕರು ದಯವಿಟ್ಟು ಇದನ್ನು ಮುಂದಕ್ಕೆ ಹೇಳದಿರಲಿ. ಸ್ವಲ್ಪ ಬಲ್ಲವರು ಬೇರೊಂದನ್ನು ಹೇಳಬಹುದು. ನೆಕ್ಕಿ ಎಂಬುದು ಒಂದು ಗಿಡ. ಅದನ್ನೇ ಲಕ್ಕಿ ಎಂದೂ ಕರೆಯುತ್ತಾರೆ. ನೀಲಿಬಣ್ಣದ ಸಣ್ಣ ಹೂವು, ಉಗ್ರವಾದ ವಾಸನೆಯ ಎಲೆ, ಮೈಕೈನೋವಿಗೆ ಮದ್ದು. ಕೆರೆಯ ಅಂಚಿನಲ್ಲಿ ಅದು ಬೆಳೆಯುತ್ತದೆ, ದೊಡ್ಡನೆಕ್ಕುಂದಿಗೂ ಕೆರೆಯಿದೆ; ಆದುದರಿಂದ ನೆಕ್ಕಿಯ ಗುಂಡಿ ನೆಕ್ಕುಂದಿಯಾಯಿತು ಎಂಬ ವಾದ ವಿದ್ವತ್ತಿನ ವೇಷದಲ್ಲಿ ಬರಬಹುದು. ಗಿಡವೂ ನಿಜ, ಕೆರೆಯೂ ನಿಜ. ಆದರೆ ಗುಂಡಿಯ ಮೂರ್ಧನ್ಯ ಡಕಾರ ದಂತ್ಯ ದಕಾರವಾದದ್ದು ಹೇಗೆ, ನಡುವೆ ಒಂದು ಅಕ್ಷರ ಲೋಪವಾದದ್ದು ಹೇಗೆ ಎಂಬುದಕ್ಕೆ ವ್ಯಾಕರಣದ ಸಮಾಧಾನ ಬೇಕು. ಅದಕ್ಕೂ ಮುಂಚೆ ಹೆಸರಿನ ಅತ್ಯಂತ ಹಳೆಯ ಲಿಖಿತರೂಪವನ್ನು ಮುಂದಿಡಬೇಕು. ಬಿ. ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ ೧೯೦೫ರಲ್ಲಿಯೇ ಅಚ್ಚು ಮಾಡಿಸಿರುವರು. ಊರಹೆಸರುಗಳ ಮೇಲೆ ಬರೆಯುವವರು ಮೊದಲು ತಿರುವಬೇಕಾದ ಪುಟಗಳು ಅಲ್ಲಿವೆ.

ಹೆಸರಿನಿಂದ ನೇರವಾಗಿ ಹೇಳಬಹುದಾದ ಮಾತೂ ಒಂದುಂಟು, ಅದು ಚಿಕ್ಕದಾದರೂ ಭದ್ರವಾದದ್ದು. ದೊಡ್ಡಬಳ್ಳಾಪುರಕ್ಕೆ ಚಿಕ್ಕಬಳ್ಳಾಪುರವಿರುವಂತೆ, ಊರಿನ ಹೆಸರಿಗೆ ‘ದೊಡ್ಡ’ ಎಂಬುದನ್ನು ಹಚ್ಚುವುದು ಅದೇ ಹೆಸರಿನ ಮತ್ತೊಂದರಿಂದ ಬೇರ್ಪಡಿಸುವುದಕ್ಕಾಗಿ. ಹಾಗೆಯೇ ದಂಡು ಎಂಬ ಹೆಸರು. ೧೮೦೯ರಲ್ಲಿ ಇಂಗ್ಲಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ತೆಗೆದು ಹಲಸೂರಿನ ಕಡೆಯ ನೆಲದಲ್ಲಿ ಇಳಿಸಿದರು. ಕನ್ನಡಿಗರು ದಂಡು ಇಳಿದ ಜಾಗವನ್ನು ದಂಡು ಎಂದೇ ಕರೆದರು. ರೈಲು ನಿಲ್ದಾಣದ ಫಲಕದಲ್ಲಿ ಆ ಶಬ್ದ ಇಂದಿಗೂ ಇದೆ. ಅದನ್ನು ಓದುವ ಮಗುವಿಗೆ ಎರಡು ಶತಮಾನಗಳ ಕಥೆಯ ತುದಿ ಸಿಕ್ಕುತ್ತದೆ. ಅಲ್ಲಿ ಊಹೆ ಬೇಕಾಗಿಯೇ ಇಲ್ಲ.

೫

ಊರಿನ ಹೆಸರಿನಲ್ಲಿ ನಡೆದ ತಪ್ಪು ಅಲ್ಲಿಗೇ ನಿಂತರೆ ಅಷ್ಟು ಚಿಂತೆಯಿಲ್ಲ. ಭಾಷಾಭಿಮಾನವು ಜೊತೆಗೂಡಿದಾಗ ಅದು ಹೆಚ್ಚು ಅಪಾಯಕರವಾಗುತ್ತದೆ. ನಮ್ಮ ತುಣುಕುಗಳಲ್ಲಿ ಅರೆವಾಸಿ ‘ಮೊಟ್ಟಮೊದಲನೆಯದು’, ‘ಅತ್ಯಂತ ಹಳೆಯದು’ ಎಂಬ ಘೋಷಣೆಗಳು. ‘ಕನ್ನಡದ ಮೊದಲ ಶಾಸನ ಹಲ್ಮಿಡಿಯದು’ ಎಂಬ ವಾಕ್ಯವನ್ನು ನೋಡಿರಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ೧೯೩೬ರಲ್ಲಿ ಮೈಸೂರಿನ ಪ್ರಾಕ್ತನವಿಮರ್ಶೆಯ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಅದರ ಕಾಲ ಸುಮಾರು ೪೫೦ ಎಂದು ಬಹುಮಂದಿ ಒಪ್ಪಿದರು. ‘ಇದುವರೆಗೆ ದೊರೆತವುಗಳಲ್ಲಿ’ ಎಂಬೆರಡು ಮಾತುಗಳನ್ನು ಸೇರಿಸಿ ಬರೆದವರು ಎಂದಿಗೂ ಸುಳ್ಳಾಗಲಿಲ್ಲ. ಅವನ್ನು ಬಿಟ್ಟು ಬರೆದವರು, ೨೦೧೩ರಲ್ಲಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಶಾಸನ ಕಾಣಿಸಿಕೊಂಡು, ಅದು ಸುಮಾರು ೩೭೦ರದೆಂಬ ಅಭಿಪ್ರಾಯ ಹೊರಟಾಗ ಗಲಿಬಿಲಿಗೊಂಡರು. ಹಲ್ಮಿಡಿಯ ಬೆಲೆ ಅದರಿಂದ ಕಾಸಿನಷ್ಟೂ ಇಳಿಯಲಿಲ್ಲ. ಅದರ ಭಾಷೆ, ಅದರ ಸಂಸ್ಕೃತಭೂಯಿಷ್ಠವಾದ ಸಮಾಸಗಳು, ಅದು ಹೇಳುವ ವೀರನ ದಾನದ ಸಂಗತಿ ಇವುಗಳಲ್ಲಿ ಅದರ ಬೆಲೆಯಿದೆ. ಮೊದಲನೆಯದೆಂಬ ಬಿರುದನ್ನೊಂದನ್ನೇ ಹಾಡಿದ ತುಣುಕುಗಳು ಈ ಬೆಲೆಯನ್ನು ಓದುಗನಿಗೆ ತಿಳಿಸಲೇ ಇಲ್ಲ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಗ್ರೀಕ್ ಪ್ರಹಸನದ ವಿಷಯವೂ ಹೀಗೆಯೇ. ಚಾರಿಷನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅಲ್ಲಿನ ಅರಸನೂ ಪರಿವಾರವೂ ಗ್ರೀಕರಿಗೆ ತಿಳಿಯದ ಮಾತನ್ನಾಡುತ್ತಾರೆ. ಆ ಜೊಂಡುಹಾಳೆಯ ಪ್ರತಿ ೧೯೦೩ರಲ್ಲಿ ಪ್ರಕಟವಾಯಿತು. ಮರುವರ್ಷವೇ ಶಾಸನತಜ್ಞ ಹುಲ್ಷ್ ಅವರು ಆ ಮಾತು ಕನ್ನಡವಿರಬಹುದೆಂದರು. ಅರ್ಥಶಾಸ್ತ್ರವನ್ನು ಲೋಕಕ್ಕೆ ಕೊಟ್ಟ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಎಂ. ಗೋವಿಂದ ಪೈಗಳೂ ಅದನ್ನು ಕನ್ನಡವಾಗಿ ಬಿಡಿಸಿ ಓದಲು ಶ್ರಮಿಸಿದರು. ೧೯೨೬ರಲ್ಲಿ ಎಲ್. ಡಿ. ಬಾರ್ನೆಟ್ ಅವರು ಆ ಓದನ್ನು ನಿರಾಕರಿಸಿ ಬರೆದರು. ಅದು ತುಳುವೆಂದವರೂ ಇದ್ದಾರೆ. ಎಂತಹ ರಮ್ಯವಾದ ವಿವಾದ! ನೈಲ್ ನದಿಯ ತೀರದ ಮರಳಿನಲ್ಲಿ ಪಶ್ಚಿಮಕರಾವಳಿಯ ಮಾತಿನ ಪ್ರತಿಧ್ವನಿಯನ್ನು ವಿದ್ವಾಂಸರು ಕಿವಿಗೊಟ್ಟು ಆಲಿಸುತ್ತಿರುವ ಚಿತ್ರ ನಮ್ಮ ಮನಸ್ಸನ್ನು ಸೆಳೆಯುವುದಿಲ್ಲವೆ? ಆದರೆ ತುಣುಕಿನಲ್ಲಿ ಉಳಿಯುವುದೇನು? ‘ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ನಾಟಕದಲ್ಲಿ ಕನ್ನಡವಿತ್ತು’ ಎಂಬ ಒಂದು ಸಾಲು. ವಾದವೂ ಹೋಯಿತು, ಪ್ರತಿವಾದವೂ ಹೋಯಿತು, ಪೈಗಳ ಶ್ರಮವೂ ಹೋಯಿತು.

ಕನ್ನಡಕ್ಕೆ ಮಾನ ತರಬೇಕೆಂಬ ಇಚ್ಛೆಯಿಂದಲೇ ಇದನ್ನು ಬರೆಯುತ್ತಾರೆಂಬುದನ್ನು ಒಪ್ಪುತ್ತೇವೆ. ಮಾನ ಬರುವ ದಾರಿ ಇದಲ್ಲ. ಹೊರಗಿನವನೊಬ್ಬನು ಇಂತಹ ಹತ್ತು ಮಾತುಗಳನ್ನು ಕೇಳಿ ಎರಡನ್ನು ಪರೀಕ್ಷಿಸಿ ಸುಳ್ಳೆಂದು ಕಂಡುಕೊಂಡರೆ, ಉಳಿದ ಎಂಟನ್ನೂ ಅವನು ಸಂಶಯಿಸುವನು; ಬೇಗೂರಿನ ಕಲ್ಲನ್ನೂ ಕಾಳಿನ ಕಥೆಯ ಸಾಲಿನಲ್ಲಿಯೇ ನಿಲ್ಲಿಸುವನು. ಆಧಾರವಿಲ್ಲದ ಹೊಗಳಿಕೆ ಆಧಾರವುಳ್ಳ ಹಿರಿಮೆಯನ್ನೂ ಕೆಡಿಸುತ್ತದೆ.

೬

ಹಾಗಾದರೆ ತುಣುಕಿನ ಲೇಖಕನು ಅಡಿಟಿಪ್ಪಣಿಗಳ ಮೂಟೆಯನ್ನು ಹೊರಬೇಕೆ? ಬೇಡ. ಆರ್. ನರಸಿಂಹಾಚಾರ್ಯರು ೧೯೦೭, ೧೯೧೯, ೧೯೨೯ರಲ್ಲಿ ಹೊರಬಂದ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳಲ್ಲಿ ನೂರಾರು ಕವಿಗಳ ಮೇಲೆ ಬರೆದಿರುವರು. ಅನೇಕ ಕವಿಗಳಿಗೆ ಅಲ್ಲಿ ದೊರೆಯುವುದು ಕೆಲವೇ ಪಂಕ್ತಿಗಳು. ಅವೂ ಒಂದು ರೀತಿಯಲ್ಲಿ ತುಣುಕುಗಳೇ. ಆದರೂ ಈ ಕವಿ ಈ ಕಾಲದವನು ಎನ್ನುವ ಮಾತಿನ ಬೆನ್ನಿಗೇ ಅದು ಯಾವುದರಿಂದ ತಿಳಿಯಬರುತ್ತದೆಂಬ ಮಾತು ಬಂದಿರುತ್ತದೆ. ಆಧಾರವನ್ನು ಹೇಳುವುದಕ್ಕೆ ಒಂದು ಪುಟ ಬೇಡ, ಒಂದು ಉಪವಾಕ್ಯ ಸಾಕು. ‘ಬೇಗೂರಿನ ಸುಮಾರು ೮೯೦ರ ಶಾಸನದಲ್ಲಿರುವಂತೆ’ ಎನ್ನುವುದಕ್ಕೆ ಎಷ್ಟು ಜಾಗ ಬೇಕು? ‘ಎಂದು ಜನ ಹೇಳುವ ಕಥೆಯಿದೆ’ ಎನ್ನುವುದಕ್ಕೆ ಎಷ್ಟು? ಈ ಎರಡು ವಾಕ್ಯಗಳ ಭೇದವನ್ನು ಉಳಿಸಿಕೊಂಡರೆ ಈ ಪ್ರಕಾರದ ಮುಕ್ಕಾಲುಪಾಲು ದೋಷ ನಿವಾರಣೆಯಾಗುವುದು.

ಓದುಗರಿಗೂ ಒಂದು ಕರ್ತವ್ಯವಿದೆ. ಮನೆಯಲ್ಲಿ ಮಗು ಬಂದು ‘ಇದು ಗೊತ್ತೆ?’ ಎಂದು ಹೊಸ ಮಾತನ್ನು ಹೇಳಿದಾಗ ಹಿರಿಯರು ‘ಭಲೆ’ ಎಂದು ಸುಮ್ಮನಾಗದೆ, ‘ಅದು ಯಾವುದರಿಂದ ಗೊತ್ತಾಯಿತು?’ ಎಂದು ಮೆಲ್ಲನೆ ಕೇಳಬೇಕು. ಗದರಿಸುವುದಕ್ಕಲ್ಲ, ಜೊತೆಯಲ್ಲಿ ಹುಡುಕುವುದಕ್ಕೆ. ಮೆಣಸಿನಕಾಯಿಯ ಮಾತಾದರೆ ನಿಘಂಟನ್ನು ತೆರೆಯಬಹುದು. ಊರಿನ ಮಾತಾದರೆ ಒಂದು ಭಾನುವಾರ ಬೇಗೂರಿಗೋ ಹೆಬ್ಬಾಳಕ್ಕೋ ಹೋಗಿ ಕಲ್ಲಿನ ಮುಂದೆ ನಿಲ್ಲಬಹುದು. ಹಾಗೆ ನೋಡಿಬಂದ ಮಗುವಿಗೆ ಆ ಕಲ್ಲು ಪರರ ಆಸ್ತಿಯಾಗಿ ತೋರುವುದಿಲ್ಲ. ರಸ್ತೆ ಅಗಲವಾಗುವಾಗ, ಮನೆಯ ಪಾಯ ತೋಡುವಾಗ, ಅಂತಹ ಮತ್ತೊಂದು ಕಲ್ಲು ಮಣ್ಣಿನೊಡನೆ ಮೇಲೆ ಬಂದರೆ, ಅದು ಒಗೆಯುವ ಕಲ್ಲಾಗದಂತೆ ತಡೆಯುವವರು ಮುಂದೆ ಅವರೇ.

ದಿನಕ್ಕೊಂದು ಮಾತು ನಮಗೆ ಬೇಡವೆಂದು ಹೇಳತಕ್ಕವರು ನಾವಲ್ಲ. ಬಿಡುವಿಲ್ಲದ ಕಾಲದಲ್ಲಿ ಗೃಹಸ್ಥನಿಗೆ ದಕ್ಕುವ ವಿದ್ಯೆ ಬಹುಮಟ್ಟಿಗೆ ಇಷ್ಟೇ ಗಾತ್ರದ್ದು. ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ ಎಂಬುದು ನಮ್ಮ ಗಾದೆ. ದೊಡ್ಡನೆಕ್ಕುಂದಿಯಂತಹ ಊರಿನಲ್ಲಿ ಹೊಸಬರೂ ಹಳಬರೂ ಒಂದೇ ಊರಿನವರಾಗುವುದಕ್ಕೆ ಬೇಕಾದ ನೆನಪು ಇಂತಹ ಹನಿಗಳಿಂದಲೇ ಕೂಡಬೇಕಾಗಿದೆ. ಆದುದರಿಂದಲೇ ಪ್ರತಿಯೊಂದು ಹನಿಯೂ ತಿಳಿಯಾಗಿರಬೇಕೆಂದು ಕೇಳುವುದು ನ್ಯಾಯವಾಗಿದೆ.